ಎರಡು ಬೆರಳು ಕಡಿಮೆ

ಕಡವಾಡದ ಮದುಮಗಳು ಮೂರು ದಿನದಿಂದ
ಶೇಕಡಾ ಅರವತ್ತೆರಡರಲ್ಲಿ ನಿಂತಿದ್ದಾಳೆ,
ಹಾರ ಎತ್ತಿದ ಕೈ ಎತ್ತಿದಂತೆಯೇ.
ಫ್ಯಾನು ಬೊಬ್ಬೆ ಹೊಡೆಯುತ್ತದೆ, ಪರದೆ ಕಪ್ಪಾಗುತ್ತದೆ,
ನಾನು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ.
ಅವಳ ಅತ್ತೆಯ ಫೋನು ದಿನಕ್ಕೆರಡು ಸಲ:
"ಉಜ್ವಲಾ ಬಾಯ್, ಮೊಮ್ಮಗು ಹುಟ್ಟುವುದರೊಳಗೆ ಕೊಡ್ತೀಯಾ?"

ಕೋಡಿಬಾಗದ ನನ್ನ ಸ್ಟುಡಿಯೋಕ್ಕೆ ದತ್ತಾರಾಮ ಬಂದ.
ಅಪ್ಪ ಅಕ್ಕಸಾಲಿಗ, ಇವನು ಬೋರ್ಡು ಬೆಸೆಯುವವನು;
ಬಂಗಾರದ ಪುಡಿ ಗುಡಿಸುತ್ತಿದ್ದ ಅದೇ ಕುಂಚದಿಂದ
ನನ್ನ ಡಬ್ಬಿಯ ಧೂಳು ಗುಡಿಸಿದ.
ಮೂಲೆಯಲ್ಲಿ ಉಪ್ಪುಗಾಳಿಯ ಹಸಿರು ಕಿಲುಬು,
ಹಲ್ಲಿಯ ಎರಡು ಮೊಟ್ಟೆ, ಒಂದು ಖಾಲಿ.
"ಯಂತ್ರ ಸತ್ತಿಲ್ಲ, ಕಾರ್ಡಿಗೆ ಮುಪ್ಪು" ಎಂದ.
ಅಪ್ಪನ ತೂಕದ ಚೀಟಿಯ ಹಿಂಬದಿಗೆ ಬರೆದುಕೊಟ್ಟ:
ಉದ್ದ ಇಪ್ಪತ್ತೇಳು ಸೆಂಟಿಮೀಟರು, ಮೀರಬಾರದು.
ಪವರ್ ಸಪ್ಲೈ ನಾನೂರೈವತ್ತು ವ್ಯಾಟು, ಅದೂ ಹೆಸರಿಗೆ.
ಆರು ಪಿನ್ನಿನ ವೈರು ಒಂದೇ ಒಂದು.
ಎಂಟು ಕೇಳಿದರೆ ಕೈ ಮುಗಿದು ಎದ್ದು ಬಾ.

ಅದೇ ರಾತ್ರಿ ಫೋನಿನಲ್ಲಿ ಜಾಹೀರಾತು:
ನೌಕಾಪಡೆಯವರ ಮನೆ ಖಾಲಿಯಾಗುತ್ತಿದೆ,
ಫ್ರಿಜ್ಜು, ಇಸ್ತ್ರಿ ಮೇಜು, ಗಿಳಿಯಿಲ್ಲದ ಪಂಜರ,
ಮತ್ತೆ ಒಂದು ದೊಡ್ಡ ಕಾರ್ಡು, ಅರ್ಧ ಬೆಲೆಗೆ.
ಭಾವ ಅಂದ: "ಹ್ಯಾಕ್ಸಾ ಇದೆ ನನ್ನ ಹತ್ತಿರ,
ಒಳಗಿನ ಗೂಡು ಕತ್ತರಿಸಿದರಾಯ್ತು."
ಬೈತಖೋಲದಲ್ಲಿ ಒಮ್ಮೆ ಸಣ್ಣ ದೋಣಿಗೆ
ಲಾರಿಯ ಎಂಜಿನ್ನು ಕೂರಿಸಿದವನು ಅವನೇ;
ಹಿಂದಿನ ಹಲಗೆ ಸಡಿಲಾಗಿ ಕಾಳಿಯ ಅಳಿವೆಯಲ್ಲಿ
ಕೊಡದಿಂದ ನೀರು ಎತ್ತಿ ಚೆಲ್ಲಿದ್ದನ್ನು
ಇವತ್ತಿಗೂ ನಗುತ್ತ ಹೇಳುತ್ತಾನೆ.
ಆದರೂ ನಾನು ಹೊರಟೆ.

ಅಮದಳ್ಳಿಯ ಕಾಲೊನಿ ಗೇಟು, ಭಾನುವಾರ ಹನ್ನೊಂದು.
ಪಾಸಿಲ್ಲದವರು ಒಳಗೆ ಹೋಗುವಂತಿಲ್ಲ;
ಕಾರ್ಡೇ ಹೊರಗೆ ಬಂತು, ಸ್ನಾನದ ಟವೆಲಿನಲ್ಲಿ.
ಎದೆಗೊತ್ತಿ ಹಿಡಿದವನು ಹದಿಮೂರರ ಹುಡುಗ, ತನ್ಮಯ ಬೆಹೆರಾ.
ಅಪ್ಪನಿಗೆ ವಿಶಾಖಪಟ್ಟಣಕ್ಕೆ ವರ್ಗ,
ಲಾರಿಯಲ್ಲಿ ಜಾಗವಿಲ್ಲ ಎಂದಿದ್ದಾಳಂತೆ ಅಮ್ಮ.
ಒಂದು ಮೊಳವೂ ಇಲ್ಲದ ವಸ್ತುವಿಗೆ ಲಾರಿಯಲ್ಲಿ ಜಾಗವಿಲ್ಲ!
ಜಾಗವಿಲ್ಲದ್ದು ಒಂಬತ್ತನೇ ಕ್ಲಾಸಿನಲ್ಲಿ,
ಅದು ನನಗೆ ತಡವಾಗಿ ಹೊಳೆಯಿತು.

ಟವೆಲು ಬಿಚ್ಚಿದ. ಮೂರು ಫ್ಯಾನು, ಬಂಗಡೆಯ ಬೆನ್ನಿನ ಹೊಳಪು.
"ಆಂಟಿ, ಇದು ನಿಮ್ಮದರಲ್ಲಿ ಕೂರೋದಿಲ್ಲ,"
ನಾನು ಬಾಯಿ ತೆರೆಯುವ ಮೊದಲೇ, ಹಿಂದಿಯಲ್ಲಿ.
ನನ್ನ ಡಬ್ಬಿಯನ್ನು ಅವನು ಕಂಡವನೇ ಅಲ್ಲ.

ಬ್ಲೌಸು ಅಳೆಯುವ ಟೇಪು ತೆಗೆದೆ.
ಒಂದು ತುದಿ ಅವನೇ ಹಿಡಿದ, ಉಸಿರು ಕಟ್ಟಿ.
ಇಪ್ಪತ್ತೈದು, ಇಪ್ಪತ್ತೇಳು, ಟೇಪು ನಿಲ್ಲಲಿಲ್ಲ,
ಮೂವತ್ತೊಂದು.
ಹುಡುಗ ಹೇಳಿದ ಸುಳ್ಳು ನಿಜವಾಗಿಬಿಟ್ಟಿತ್ತು.
ಮತ್ತೊಮ್ಮೆ ಅಳೆದೆ, ಎರಡು ಬೆರಳು ಎಲ್ಲಾದರೂ
ಕುಗ್ಗೀತೇ ಎಂದು. ಹ್ಯಾಕ್ಸಾ ನೆನಪಾದದ್ದು ಹೌದು.
ಪಕ್ಕದಲ್ಲಿ ಎಂಟು ಪಿನ್ನಿನ ಬಾಯಿ ಎರಡು,
ಗೂಡಿನ ಮರಿಗಳಂತೆ ತೆರೆದುಕೊಂಡು.
"ಇಲ್ಲ ಮಗಾ," ಎಂದೆ.

ಅವನು ಟವೆಲು ಸುತ್ತಿದ ಅವಸರ ನೋಡಬೇಕಿತ್ತು.
ಮುಂದಿನ ಗಿರಾಕಿಗೆ ಏನು ಹೇಳಿದನೋ,
ಅವರ ಬಳಿ ಟೇಪು ಇತ್ತೋ ಇಲ್ಲವೋ.
ಟೆಂಪೋದಲ್ಲಿ ವಾಪಸು ಬರುವಾಗ ಎಡಕ್ಕೆ ಸಮುದ್ರ
ಇದ್ದಿರಲೇಬೇಕು, ನಾನು ನೋಡಲಿಲ್ಲ.

ಹುಬ್ಬಳ್ಳಿಯಿಂದ ಬಂದದ್ದು ಗಿಡ್ಡ ಕಾರ್ಡು.
ಹದಿನೇಳು ಸೆಂಟಿಮೀಟರು, ಒಂಟಿ ಫ್ಯಾನು,
ವೈರು ಕೇಳದೆ, ಸ್ಲಾಟು ಬಡಿಸಿದಷ್ಟೇ ಉಣ್ಣುವಂಥದು.
"ಬಂಗಾರವಾದರೆ ಬಡಿದು ಹಿಗ್ಗಿಸುತ್ತಿದ್ದೆ,"
ದತ್ತಾರಾಮ ಟಿಕ್ ಎನ್ನುವವರೆಗೆ ಒತ್ತಿದ.
ಉಳಿದ ಹತ್ತು ಸೆಂಟಿಮೀಟರು ಖಾಲಿ.
ಅಲ್ಲಿ ಏನೂ ತುರುಕಬೇಡ, ಅದು ಗಾಳಿಯ ಪಾಲು ಎಂದ.
ಹಲ್ಲಿಗೂ ಅದೇ ಮಾತು ಹೇಳಿದ್ದರೆ ಚೆನ್ನಾಗಿತ್ತು.

ಅರವತ್ತೆರಡು.
ಅರವತ್ತಮೂರು.
ಕಡವಾಡದ ಹಾರ ನಿಧಾನಕ್ಕೆ ಕೆಳಗಿಳಿಯಿತು.
ಮದುಮಗ ಕತ್ತು ತಗ್ಗಿಸಿದ,
ಇಷ್ಟು ದಿನ ಕಂಡಿರಲಿಲ್ಲ ನಾನು,
ಎರಡು ಬೆರಳು, ಅಷ್ಟೇ.